ಇಸಿ ಹಾರರ್ ಕಾಮಿಕ್ಸ್: ಕೊನೇ ಚೌಕ ಮೊದಲೇ ಗೊತ್ತಾಗಿಬಿಟ್ಟರೆ ಇವನ್ನ ಓದೋದು ಹೇಗೆ?

ರದ್ದಿಪುಟ ಕೇಳಿದ್ದು:

ಇಸಿ ಅನ್ನೋ ಅಮೆರಿಕದ ಕಂಪನಿ 1950ರ ದಶಕದಲ್ಲಿ ತಂದ ‘ಟೇಲ್ಸ್ ಫ್ರಮ್ ದ ಕ್ರಿಪ್ಟ್’ ಕಾಮಿಕ್ಸನ್ನ ಮರುಮುದ್ರಿಸಿರೋ ಆರ್ಕೈವ್ಸ್ ಮೊದಲ ಸಂಪುಟ ಓದ್ತಿದೀನಿ. ಆರು ಸಂಚಿಕೆ, ಇಪ್ಪತ್ತನಾಲ್ಕು ಕತೆ. ಹತ್ತು ಮುಗಿಯೋ ಹೊತ್ತಿಗೆ ಜಾಡು ಸಿಕ್ಕಿಬಿಟ್ಟಿದೆ. ಯಾರೋ ದುರಾಸೆಗೆ ಬಿದ್ದು ಕೊಲೆ ಮಾಡ್ತಾನೆ, ಹೆಣ ಎದ್ದು ಬರುತ್ತೆ, ಕೊನೇ ಚೌಕದಲ್ಲಿ (ಪ್ಯಾನೆಲ್) ಲೆಕ್ಕ ಚುಕ್ತಾ. ಜೊತೆಗೆ ಪ್ರತಿ ಚೌಕದ ಅರ್ಧಕ್ಕೆ ಬರೀ ಅಕ್ಷರ. ಚಿತ್ರದಲ್ಲಿ ಕಾಣ್ತಿರೋದನ್ನೇ ಮೇಲೆ ಮತ್ತೆ ಬರೆದಿರ್ತಾರೆ. ಎಪ್ಪತ್ತು ವರ್ಷದಿಂದ ಜನ ಇದನ್ನ ತಲೆ ಮೇಲೆ ಹೊತ್ಕೊಂಡು ತಿರುಗೋದು ಯಾಕೆ?

ಇನ್ನೆರಡು ಪ್ರಶ್ನೆ. ಬಣ್ಣದ್ದು ಒಳ್ಳೇದೋ ಕಪ್ಪು-ಬಿಳುಪೋ? ಆನ್‌ಲೈನಲ್ಲಿ ಒಬ್ಬರು ಇಸಿಯದೇ ‘ಹಾಂಟ್ ಆಫ್ ಫಿಯರ್’ 17ನೇ ಸಂಚಿಕೆ ಬಿಡಿಯಾಗಿ ಮಾರ್ತಿದಾರೆ, ಮೂಲದ್ದೋ ಮರುಮುದ್ರಣವೋ ಹೇಳ್ತಿಲ್ಲ. ಹೇಗೆ ಪತ್ತೆ ಹಚ್ಚೋದು? ಇರೋದು ಮಂಗಳೂರು, ಮಳೆಗಾಲದಲ್ಲಿ ಕಾಗದ ಕಾಪಾಡೋದು ಹೇಗೆ ಅಂತಲೂ ಹೇಳಿ.

---

ಕಪ್ಪುಮಸಿ:

ಮೊದಲ ಸಂಪುಟದಿಂದ ಶುರು ಮಾಡಿದ್ದೇ ಎಡವಟ್ಟು. ಅದರಲ್ಲಿರೋದು 1950-51ರ ಸರಕು. ಪ್ರಕಾಶಕ ಬಿಲ್ ಗೇನ್ಸ್, ಸಂಪಾದಕ ಆಲ್ ಫೆಲ್ಡ್‌ಸ್ಟೈನ್ ಇಬ್ಬರಿಗೂ ಆಗಿನ್ನೂ ಕೈ ಪಳಗಿರಲಿಲ್ಲ. ಹದ ಬಂದಿದ್ದು 1952ರಿಂದ 54ರ ನಡುವೆ. ಸದ್ಯಕ್ಕೆ ಆ ಸಂಪುಟ ಪಕ್ಕಕ್ಕಿಡಿ.

ಜಾಡು ಒಂದೇ ಅನ್ನೋದು ನಿಜ. ಅದಕ್ಕೆ ಅವರು ಕೆಲಸ ಮಾಡ್ತಿದ್ದ ರೀತಿಯೇ ಕಾರಣ. ಗೇನ್ಸ್ ರಾತ್ರಿಯೆಲ್ಲ ಸಿಕ್ಕಿದ್ದು ಓದಿ ಕತೆಯ ಎಳೆ ಹೆಕ್ಕಿ ತರ್ತಿದ್ದರು. ಬೆಳಗ್ಗೆ ಇಬ್ಬರೂ ಕೂತು ಒಂದನ್ನ ಹಿಡಿದು ಹೆಣೀತಿದ್ದರು. ಫೆಲ್ಡ್‌ಸ್ಟೈನ್ ಅದನ್ನ ಹೆಚ್ಚುಕಮ್ಮಿ ಅದೇ ದಿನ ಬರೆದು ಮುಗಿಸ್ತಿದ್ದರು. ಹೀಗೆ ದಿನಕ್ಕೊಂದರಂತೆ ತಯಾರಾದ ಕತೆಗಳಿವು. ‘ಎಳೆ ಹೆಕ್ಕೋದು’ ಕೆಲವು ಸಲ ಸೀದಾ ಎತ್ತುವಳಿಯೂ ಆಗ್ತಿತ್ತು. 1952ರಲ್ಲಿ ಲೇಖಕ ರೇ ಬ್ರ್ಯಾಡ್‌ಬರಿಯ ಎರಡು ಕತೆ ಕಲಸಿ ಇಸಿಯದೇ ‘ವಿಯರ್ಡ್ ಫ್ಯಾಂಟಸಿ’ಯಲ್ಲಿ ಹಾಕಿಬಿಟ್ಟರು. ಆತ ಜಗಳಕ್ಕೆ ಬರಲಿಲ್ಲ. ‘ನನ್ನ ಐವತ್ತು ಡಾಲರ್ ಕಳಿಸೋದು ಮರೆತಿದ್ದೀರಿ ಅನ್ಸುತ್ತೆ’ ಅನ್ನೋ ಧಾಟಿಯಲ್ಲಿ ನಯವಾಗಿ ಕಾಗದ ಬರೆದರು. ದುಡ್ಡು ಹೋಯ್ತು, ಆಮೇಲಿಂದ ಅವರ ಕತೆಗಳು ಅಧಿಕೃತವಾಗೇ ಬಂದವು.

ಈಗ ಅಕ್ಷರದ ವಿಷಯ. ಇದು ತಿಳಿದರೆ ಓದೋ ಕ್ರಮವೇ ಬದಲಾಗುತ್ತೆ. ಫೆಲ್ಡ್‌ಸ್ಟೈನ್ ಬರೀತಿದ್ದದ್ದು ಬೇರೆ ಹಾಳೆ ಮೇಲಲ್ಲ, ಚಿತ್ರ ಬರಬೇಕಾದ ಬೋರ್ಡಿನ ಮೇಲೇ, ಚೌಕ ಹಾಕಿಕೊಂಡು ಪೆನ್ಸಿಲ್‌ನಲ್ಲಿ. ಆಮೇಲೆ ಜಿಮ್ ರೋಟನ್ ಲೆರಾಯ್ ಸಾಧನದಲ್ಲಿ ಶಾಯಿ ಅಕ್ಷರ ಹಾಕ್ತಿದ್ದರು. ಲೆರಾಯ್ ಅಂದ್ರೆ ಇಂಜಿನಿಯರುಗಳು ನಕ್ಷೆ ಮೇಲೆ ಬರೆಯೋಕೆ ಬಳಸ್ತಿದ್ದದ್ದು: ಅಕ್ಷರದ ತೋಡು ಕೊರೆದ ಪಟ್ಟಿ, ಆ ತೋಡಲ್ಲಿ ಓಡೋ ಮುಳ್ಳು, ಮುಳ್ಳಿನ ಜಾಡಲ್ಲೇ ಬರೆಯೋ ಪೆನ್ನು. ಅದಕ್ಕೇ ಇಸಿ ಅಕ್ಷರಗಳು ಅಷ್ಟು ನಿರ್ವಿಕಾರ. ಹೆಣ ಕೊಳೀತಿದ್ದರೂ ಅಕ್ಷರ ಸರ್ಕಾರಿ ನೋಟೀಸಿನ ಹಾಗೆ ನಿಂತಿರುತ್ತೆ. ಇಷ್ಟೆಲ್ಲ ಮುಗಿದ ಮೇಲೆ ಬೋರ್ಡು ಚಿತ್ರಗಾರನ ಕೈಗೆ. ಚೌಕ ಬದಲಿಸೋ ಹಾಗಿಲ್ಲ, ಮಾತು ಅಳಿಸೋ ಹಾಗಿಲ್ಲ, ಉಳಿದ ಜಾಗದಲ್ಲಿ ಬರೀಬೇಕು.

ಹಾಗಾಗಿ ನೋಡಬೇಕಾದ್ದು ಆ ಉಳಿದ ಜಾಗದಲ್ಲಿ ಯಾರು ಏನು ಮಾಡಿದ್ದಾರೆ ಅನ್ನೋದನ್ನ. ಒಂದು ರಟ್ಟಿನ ಪಟ್ಟಿ ತಗೊಳ್ಳಿ, ಕ್ಯಾಪ್ಷನ್ ಮುಚ್ಚಿ, ಇಡೀ ಕತೆಯನ್ನ ಒಮ್ಮೆ ಬರೀ ಚಿತ್ರದಲ್ಲಿ ನೋಡಿ. ಮಾತು ಎರಡನೇ ಸುತ್ತಿಗೆ. ಮೂರು ಕತೆ ಸಾಕು:

‘ಹಾರರ್ ವಿ? ಹೌಸ್ ಬಯೂ?’, ‘ಹಾಂಟ್ ಆಫ್ ಫಿಯರ್’ 17, ಜನವರಿ-ಫೆಬ್ರವರಿ 1953. ಚಿತ್ರ ಗ್ರಹಾಂ ಇಂಗಲ್ಸ್, ಸಹಿ ‘ಘಾಸ್ಟ್ಲಿ’. ಜವುಗು ನೆಲದ ನಡುವೆ ಒಂದು ಮನೆ, ಹುಚ್ಚು ತಮ್ಮನಿಗೆ ಬಲಿ ತಂದುಕೊಡೋ ಅಣ್ಣ. ಇಂಗಲ್ಸ್ ಕುಂಚ ಗಮನಿಸಿ: ಮರದಿಂದ ಜೋತ ಪಾಚಿ, ಮುದುಕಿಯ ಕೂದಲು, ಬಾಯಿಂದ ಇಳಿಯೋ ಜೊಲ್ಲು, ಹೆಣದ ಚಿಂದಿ ಬಟ್ಟೆ, ಎಲ್ಲಕ್ಕೂ ಒಂದೇ ಥರದ ಇಳಿಗೀಟು. ಮನೆ, ಮನುಷ್ಯ, ಕೆಸರು ಎಲ್ಲಾ ಒಂದೇ ಪದಾರ್ಥದಿಂದ ಆದ ಹಾಗೆ ಕಾಣುತ್ತೆ. ಕೊನೆಗೆ ಹೆಣಗಳು ಎದ್ದು ಅಣ್ಣನ ಕೈಕಾಲು ಬಿಡಿಸಿ ಅದಲುಬದಲು ಜೋಡಿಸ್ತವೆ. ಅಲ್ಲಿ ಹೇಸಿಗೆಗಿಂತ ಜಾಸ್ತಿ ಕಾಡೋದು ಆ ಜೋಡಣೆಯ ಅಚ್ಚುಕಟ್ಟು.

‘ಟೇಂಟ್ ದ ಮೀಟ್… ಇಟ್ಸ್ ದ ಹ್ಯುಮ್ಯಾನಿಟಿ’, ‘ಟೇಲ್ಸ್ ಫ್ರಮ್ ದ ಕ್ರಿಪ್ಟ್’ 32, 1952. ಜ್ಯಾಕ್ ಡೇವಿಸ್. ರೇಷನ್ ಕಾಲದಲ್ಲಿ ಕೆಟ್ಟ ಮಾಂಸ ಮಾರೋ ಕಟುಕ. ಅದೇ ಮಾಂಸ ಅವನ ಮಗನ ಪ್ರಾಣ ತೆಗೆಯುತ್ತೆ, ಹೆಂಡತಿ ಅವನನ್ನೇ ಕತ್ತರಿಸಿ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಡ್ತಾಳೆ. ಡೇವಿಸ್ ಬರೆಯೋ ಜನಕ್ಕೆ ದೊಡ್ಡ ಪಾದ, ಉದ್ದ ಕತ್ತು, ವ್ಯಂಗ್ಯಚಿತ್ರದ ಮುಖ. ನಗಬೇಕೋ ಬೇಡವೋ ಅನ್ನೋ ಆ ಅನುಮಾನವೇ ಅವರ ಬಂಡವಾಳ. ಅಂದಹಾಗೆ ಶೀರ್ಷಿಕೆ ‘ಕಷ್ಟ ಬಿಸಿಲಿಂದಲ್ಲ, ಸೆಕೆಯಿಂದ’ ಅನ್ನೋ ಅಮೆರಿಕದ ಸವಕಲು ಮಾತನ್ನ ತಿರುಚಿದ್ದು. ಮಂಗಳೂರಿನವರಿಗೆ ಬಿಡಿಸಿ ಹೇಳೋದು ಬೇಡ.

ಮೂರನೇದು ‘ಅಂಡ್ ಆಲ್ ಥ್ರೂ ದ ಹೌಸ್’, ‘ವಾಲ್ಟ್ ಆಫ್ ಹಾರರ್’ 35, 1954. ಜಾನಿ ಕ್ರೇಗ್ ತಮ್ಮ ಕತೆ ತಾವೇ ಬರೀತಿದ್ದರು, ಹಾಗಾಗಿ ಮಾತಿನ ಹೊರೆ ಕಮ್ಮಿ. ಕ್ರಿಸ್ಮಸ್ ಹಿಂದಿನ ರಾತ್ರಿ ಹೆಂಡತಿ ಗಂಡನನ್ನ ಕೊಲ್ತಾಳೆ. ಹೊರಗೆ ಸಾಂತಾ ವೇಷದ ಹುಚ್ಚು ಕೊಲೆಗಾರ. ಪೊಲೀಸರಿಗೆ ಫೋನ್ ಮಾಡೋ ಹಾಗಿಲ್ಲ, ಒಳಗೆ ಹೆಣ ಇದೆ. ದೆವ್ವ ಇಲ್ಲ, ಎದ್ದು ಬರೋ ಹೆಣ ಇಲ್ಲ. ಮಾಡಿದ ತಪ್ಪೇ ಸಹಾಯದ ಬಾಗಿಲಿಗೆ ಬೀಗ ಹಾಕಿದೆ. ನಿಮಗೆ ಸಿಕ್ಕ ‘ಜಾಡು’ ಇಲ್ಲಿ ಎಷ್ಟು ಬಿಗಿಯಾಗಿದೆ ನೋಡಿ.

ಆ ಚೌಕದ ಕಟ್ಟು ಮುರಿದವರೂ ಒಬ್ಬರಿದ್ದಾರೆ, ಬರ್ನಾರ್ಡ್ ಕ್ರಿಗ್‌ಸ್ಟೈನ್. ‘ಮಾಸ್ಟರ್ ರೇಸ್’ (‘ಇಂಪ್ಯಾಕ್ಟ್’ 1, 1955) ಆರು ಪುಟಕ್ಕೆಂದು ಬರೆದ ಕತೆ. ಅವರು ಹಟ ಹಿಡಿದು ಎಂಟು ಪುಟ ಮಾಡಿಸಿಕೊಂಡರು, ಅಕ್ಷರ ಹಾಕಿದ್ದ ಬೋರ್ಡನ್ನೇ ಕತ್ತರಿಸಿ ಅಂಟಿಸಿ ಚೌಕಗಳನ್ನ ಸಣ್ಣ ಸಣ್ಣ ಸೀಳು ಮಾಡಿದರು. ಹಾದು ಹೋಗೋ ಸಬ್‌ವೇ ರೈಲು, ಕಿಟಕಿಯಲ್ಲಿ ಒಂದೇ ಮುಖ ಮತ್ತೆ ಮತ್ತೆ. ಅದು ಹಾರರ್ ಪಟ್ಟಿಗೆ ಸೇರಲ್ಲ, ಆದರೂ ಓದದೆ ಬಿಡಬೇಡಿ.

---

ಚುಕ್ಕಿಬಣ್ಣ:

ಬಣ್ಣದ ಪ್ರಶ್ನೆಗೆ: ಇಂಗಲ್ಸ್ ಮತ್ತು ಕ್ರಿಗ್‌ಸ್ಟೈನ್‌ಗೆ ಕಪ್ಪು-ಬಿಳುಪು, ಉಳಿದವರಿಗೆ ಹಳೇ ಚಪ್ಪಟೆ ಬಣ್ಣ. ಹೊಳಪು ಕಾಗದದ ಆರ್ಕೈವ್ಸ್ ನನ್ನ ಲೆಕ್ಕದಲ್ಲಿ ಮೂರನೇ ಜಾಗಕ್ಕೆ.

ಆಗಿನ ಪದ್ಧತಿ ಹೀಗೆ. ಹಳದಿ, ಕೆಂಪು, ನೀಲಿ ಮೂರು ಶಾಯಿ, ಜೊತೆಗೆ ಕಪ್ಪು. ಪ್ರತಿ ಬಣ್ಣಕ್ಕೂ ನಾಲ್ಕೇ ಸ್ಥಿತಿ: ಇಲ್ಲ, ಕಾಲು ಭಾಗ ಚುಕ್ಕಿ, ಅರ್ಧ ಚುಕ್ಕಿ, ಪೂರ್ತಿ. ನಾಲ್ಕು ನಾಲ್ಕಲೆ ನಾಲ್ಕಲೆ ಅರವತ್ತನಾಲ್ಕು. ಇಷ್ಟರಲ್ಲೇ ಇಡೀ ಪುಸ್ತಕ. ಇಸಿಯ ಬಣ್ಣಗಾರ್ತಿ ಮೇರಿ ಸೆವೆರಿನ್ ಈ ಬಡತನವನ್ನೇ ಉಪಾಯ ಮಾಡಿಕೊಂಡವರು. ತೀರಾ ಘೋರ ಚೌಕ ಬಂದಾಗ ಚರ್ಮಕ್ಕೆ ಚರ್ಮದ ಬಣ್ಣ, ರಕ್ತಕ್ಕೆ ಕೆಂಪು ಅಂತ ಹೋಗಲ್ಲ. ಇಡೀ ಚೌಕಕ್ಕೆ ಒಂದೇ ನೀಲಿ, ಅಥವಾ ಒಂದೇ ಹಳದಿ ಬಳಿದುಬಿಡ್ತಾರೆ. ಕಣ್ಣಿಗೆ ಆಕಾರ ಅಷ್ಟೇ ಸಿಗುತ್ತೆ, ಉಳಿದದ್ದು ನಾವೇ ತುಂಬಿಕೊಳ್ಬೇಕು.

2006ರಲ್ಲಿ ಜೆಮ್‌ಸ್ಟೋನ್ ಶುರು ಮಾಡಿ, ಆಮೇಲೆ ಡಾರ್ಕ್ ಹಾರ್ಸ್ ಮುಂದುವರಿಸಿದ ಆರ್ಕೈವ್ಸ್‌ನಲ್ಲಿ ಕಂಪ್ಯೂಟರಲ್ಲಿ ಹೊಸದಾಗಿ ಬಣ್ಣ ಹಾಕಿದ್ದಾರೆ. ಸೆವೆರಿನ್ ಆಯ್ಕೆಗಳನ್ನೇ ಆಧಾರವಾಗಿ ಇಟ್ಟುಕೊಂಡರೂ ಅಲ್ಲಲ್ಲಿ ಬಣ್ಣವನ್ನ ತೆಳುವಿನಿಂದ ದಟ್ಟಕ್ಕೆ ಜಾರಿಸಿದ್ದಾರೆ. ಡೇವಿಸ್ ಪೆನ್ನಿನ ಗೀಟಿನಿಂದ ಮುಖಕ್ಕೆ ಆಗಲೇ ಉಬ್ಬು-ತಗ್ಗು ಕೊಟ್ಟಿರ್ತಾರೆ. ಅದರ ಮೇಲೆ ಬಣ್ಣದ ನೆರಳೂ ಬಿದ್ದರೆ ಮುಖ ಪ್ಲಾಸ್ಟಿಕ್ ಗೊಂಬೆ ಆಗುತ್ತೆ. ಸಂಪುಟಕ್ಕೆ ಆರು ಸಂಚಿಕೆ ಪೂರ್ತಿ ಸಿಗುತ್ತಲ್ಲ, ಅದು ಅದರ ಲಾಭ.

ಕಪ್ಪು-ಬಿಳುಪು ಬೇಕಾದರೆ ಫ್ಯಾಂಟಾಗ್ರಾಫಿಕ್ಸ್ 2012ರಿಂದ ಚಿತ್ರಗಾರರ ಪ್ರಕಾರ ಸಂಪುಟ ತಂದಿದೆ. ಇಂಗಲ್ಸ್‌ಗೆ ‘ಸಕರ್ ಬೇಟ್’, ಕ್ರೇಗ್‌ಗೆ ‘ಫಾಲ್ ಗೈ ಫಾರ್ ಮರ್ಡರ್’. ಡೇವಿಸ್ ಸಂಪುಟಕ್ಕೆ ಮೇಲೆ ಹೇಳಿದ ಕಟುಕನ ಕತೆಯದೇ ಹೆಸರು. ಇನ್ನೂ ದೊಡ್ಡ ಅಳತೆ ಬೇಕಾದರೆ ಇಸಿ ಮರುಮುದ್ರಣದ ಪ್ರಕಾಶಕ ರಸ್ ಕಾಕ್ರನ್ ಅವರ ಹಳೇ ಪೆಟ್ಟಿಗೆ ಸೆಟ್ಟುಗಳು. ಗೇನ್ಸ್ ಮೂಲ ಬೋರ್ಡುಗಳನ್ನ ಎಸೆಯದೆ ಇಟ್ಟಿದ್ದರಿಂದ ಗೀಟು ಅಷ್ಟು ಚೊಕ್ಕವಾಗಿ ಬಂದಿದೆ. ಆ ಕಾಲದ ಬೇರೆ ಕಂಪನಿಗಳ ಬೋರ್ಡುಗಳು ಬಹುಪಾಲು ಹಾಳಾಗಿಹೋದವು.

ಟ್ಯಾಬ್‌ನಲ್ಲಿ ಓದೋರಿಗೆ ಎರಡು ಮಾತು. ಒಂದೊಂದೇ ಚೌಕ ದೊಡ್ಡದು ಮಾಡಿ ತೋರಿಸೋ ಗೈಡೆಡ್ ವ್ಯೂ ಆಫ್ ಮಾಡಿ, ಪುಟ ಪೂರ್ತಿ ಕಾಣಬೇಕು. ಎರಡನೇದು ಪುಟ ತಿರುವೋ ಲೆಕ್ಕ. ಸಂಚಿಕೆಯ ಮೊದಲ ಕತೆ ಸಾಮಾನ್ಯವಾಗಿ ಎಂಟು ಪುಟ, ಶುರುವಾಗೋದು ಬಲಗಡೆ. ಅಂದ್ರೆ ಎಂಟನೇ ಪುಟ ಎಡಗಡೆ ಬೀಳುತ್ತೆ, ಹಾಳೆ ಮಗುಚೋ ತನಕ ಕೊನೇ ಚೌಕ ಕಾಣಲ್ಲ. ಸ್ಕ್ಯಾನ್ ಮಾಡಿದವರು ಒಳಮುಖಪುಟ ಬಿಟ್ಟಿದ್ದರೆ, ಜೋಡಿಪುಟದ ನೋಟದಲ್ಲಿ ಎಲ್ಲಾ ಒಂದೊಂದು ಪುಟ ಸರಿದು ಏಳು-ಎಂಟು ಅಕ್ಕಪಕ್ಕ ಬಂದುಬಿಡ್ತವೆ. ಆಗ ಕೊನೆ ಮೊದಲೇ ಕಣ್ಣಿಗೆ ಬೀಳುತ್ತೆ. ಹಾಗಿದ್ದಾಗ ಒಂಟಿಪುಟಕ್ಕೆ ಬದಲಿಸಿಕೊಳ್ಳಿ.

---

ಮುರಿಕಾಯಿಮರ:

@ಕಪ್ಪುಮಸಿ, ಮಾತು ಮುಚ್ಚಿ ಓದಿ ಅನ್ನೋದು ಚಿತ್ರ ಬರೆಯೋರಿಗೆ ಸರಿ. ಕತೆಗೆ ಬಂದವರಿಗೆ ಅರ್ಧ ಸ್ವಾರಸ್ಯವೇ ಹೋಯ್ತು. ಕತೆ ಹೇಳೋ ಆ ಮೂವರು, ಕ್ರಿಪ್ಟ್ ಕೀಪರ್, ವಾಲ್ಟ್ ಕೀಪರ್, ಓಲ್ಡ್ ವಿಚ್, ಬರೀ ಮಾತಿನ ಮೇಲೇ ಬದುಕಿರೋರು. ರೇಡಿಯೋ ಭಯಾನಕ ನಾಟಕಗಳಿಂದ ಬಂದ ಪದ್ಧತಿ ಅದು. 1930ರ ದಶಕದ ‘ದ ವಿಚಸ್ ಟೇಲ್’ ಕಾರ್ಯಕ್ರಮದಲ್ಲಿ ಕತೆ ಹೇಳೋಳು ಮಾಟಗಾತಿ ಮುದುಕಿಯೇ. ಕ್ಯಾಪ್ಷನ್‌ಗಳನ್ನ ಕಣ್ಣಲ್ಲಿ ಓಡಿಸದೆ ಗಟ್ಟಿಯಾಗಿ ಓದಿ ನೋಡಿ, ದಪ್ಪ ಅಕ್ಷರ ಬಂದಲ್ಲಿ ಒತ್ತು ಕೊಡಿ. ಕಾಣೋದನ್ನೇ ಯಾಕೆ ಹೇಳ್ತಾರೆ ಅನ್ನೋದು ಆಗ ಹೊಳೆಯುತ್ತೆ. ಅದು ರೇಡಿಯೋ ಧ್ವನಿ.

ನಮಗೆ ಈ ಚೌಕಟ್ಟು ಹೊಸದೇನಲ್ಲ. ‘ಚಂದಮಾಮ’ದ ಬೇತಾಳ ಮಾಡ್ತಿದ್ದದ್ದೂ ಇದನ್ನೇ, ಹೆಣದೊಳಗೆ ಕೂತು ಕತೆ ಹೇಳೋದು. ವ್ಯತ್ಯಾಸ ಇರೋದು ಕೊನೆಯಲ್ಲಿ. ಬೇತಾಳ ತೀರ್ಪನ್ನ ರಾಜನ ಬಾಯಿಂದ ಹೊರಡಿಸಿ ಮರಕ್ಕೆ ಹಾರುತ್ತೆ. ಇಸಿಯಲ್ಲಿ ತೀರ್ಪು ಕೊಡೋದೂ ಜಾರಿ ಮಾಡೋದೂ ಹೆಣವೇ, ಕತೆ ಹೇಳೋನು ಕೊನೆಗೆ ಬಂದು ಒಂದು ಕೆಟ್ಟ ಶ್ಲೇಷೆ ಎಸೆದು ಹೋಗ್ತಾನೆ. ಓದುಗನಿಗೆ ತೂಗಿ ನೋಡೋ ಕೆಲಸವೇ ಉಳಿಯಲ್ಲ. @ರದ್ದಿಪುಟ, ನಿಮಗೆ ಬೇಸರ ಬಂದಿದ್ದು ಇಲ್ಲೇ ಇರಬಹುದು. ಹತ್ತನ್ನ ಒಟ್ಟಿಗೆ ಓದಬೇಡಿ, ದಿನಕ್ಕೊಂದು ಸಾಕು. ಒಂದೊಂದು ಶೀರ್ಷಿಕೆ ಎರಡು ತಿಂಗಳಿಗೊಮ್ಮೆ, ಸಂಚಿಕೆಗೆ ನಾಲ್ಕೇ ಕತೆ ಬರ್ತಿದ್ದ ಸರಕು ಇದು.

ಇಸಿ ಒಂದೇ ಲೋಕ ಅನ್ನೋ ಹಾಗೆ ಮಾತಾಡೋದೂ ಬೇಡ. ಅವನ್ ಕಂಪನಿಯ ‘ಈರೀ’ ಒಂಟಿ ಸಂಚಿಕೆ ಬಂದಿದ್ದು 1947ರಲ್ಲಿ, ಎಸಿಜಿ ಕಂಪನಿಯ ‘ಅಡ್ವೆಂಚರ್ಸ್ ಇಂಟು ದ ಅನ್‌ನೋನ್’ 1948ರಲ್ಲಿ, ಎರಡೂ ಇಸಿಗಿಂತ ಮೊದಲು. ಹಾರ್ವಿ ಕಂಪನಿಯ ‘ಚೇಂಬರ್ ಆಫ್ ಚಿಲ್ಸ್’, ‘ವಿಚಸ್ ಟೇಲ್ಸ್’ ದುಡ್ಡು ಕೊಡದೆ ಓದಬಹುದು. 1964ಕ್ಕಿಂತ ಮುಂಚೆ ಅಮೆರಿಕದಲ್ಲಿ ಅಚ್ಚಾದದ್ದಕ್ಕೆ 28ನೇ ವರ್ಷದಲ್ಲಿ ಹಕ್ಕು ನವೀಕರಿಸಬೇಕಿತ್ತು. ಎಷ್ಟೋ ಕಂಪನಿಗಳು ಆ ಹೊತ್ತಿಗೆ ಬಾಗಿಲು ಹಾಕಿದ್ದವು ಅಥವಾ ತಲೆ ಕೆಡಿಸಿಕೊಳ್ಳಲಿಲ್ಲ. ಅಂಥವು ಡಿಜಿಟಲ್ ಕಾಮಿಕ್ ಮ್ಯೂಸಿಯಂ ತಾಣದಲ್ಲಿವೆ. ಇಸಿ ನವೀಕರಿಸಿಕೊಂಡಿತ್ತು, ಅದಕ್ಕೇ ಅಲ್ಲಿ ಸಿಗಲ್ಲ. ಹಾರ್ವಿಯಲ್ಲಿ ಚಿತ್ರಗಾರ ಹೋವರ್ಡ್ ನಾಸ್ಟ್ರಂಡ್ ಹೆಸರು ಹುಡುಕಿ. ಡೇವಿಸ್ ಶೈಲಿಯ ಹಸಿ ಅನುಕರಣೆ, ಆದರೂ ಕೆಲವು ಕತೆ ಮೂಲಕ್ಕಿಂತ ಚುರುಕು.

1954ರ ಅಕ್ಟೋಬರಿನ ಕಾಮಿಕ್ಸ್ ಕೋಡ್ (ಪ್ರಕಾಶಕರು ತಾವೇ ಹಾಕಿಕೊಂಡ ಸೆನ್ಸಾರ್ ನಿಯಮ) ಬಂದ ಮೇಲೆ ಶೀರ್ಷಿಕೆಯಲ್ಲಿ ‘ಹಾರರ್’, ‘ಟೆರರ್’ ಪದ ಇರೋ ಹಾಗಿಲ್ಲ, ರಕ್ತಪಿಶಾಚಿ ಇಲ್ಲ, ನಡೆಯೋ ಹೆಣ ಇಲ್ಲ. 1955ರ ಶುರುವಿನ ಹೊತ್ತಿಗೆ ಇಸಿಯ ಮೂರೂ ಹಾರರ್ ಪತ್ರಿಕೆ (‘ಟೇಲ್ಸ್’, ‘ವಾಲ್ಟ್’, ‘ಹಾಂಟ್’) ಮುಗಿದಿದ್ದವು. 1971ರಲ್ಲಿ ರಕ್ತಪಿಶಾಚಿಗೆ ಬಿಡುಗಡೆ ಸಿಕ್ತು, ಜೋಂಬಿ ಮಾತ್ರ 1989ರ ತನಕ ಕಾಯಬೇಕಾಯ್ತು. ನಡುವೆ ವಾರೆನ್ ಕಂಪನಿ 1964ರಲ್ಲಿ ‘ಕ್ರೀಪಿ’ಯನ್ನ ಮ್ಯಾಗಜೀನ್ ಅಳತೆಯಲ್ಲಿ ಕಪ್ಪು-ಬಿಳುಪಾಗಿ ತಂದು ಕೋಡಿನಿಂದ ತಪ್ಪಿಸಿಕೊಂಡಿತು. ಇಸಿ ಚಿತ್ರಗಾರರಾದ ಡೇವಿಸ್, ಕ್ರ್ಯಾಂಡಲ್, ಆರ್ಲ್ಯಾಂಡೋ ಎಲ್ಲಾ ಅಲ್ಲೂ ಇದ್ದಾರೆ. ಇಸಿ ಆದ ಮೇಲೆ ಏನು ಓದಬೇಕು ಅಂದರೆ ಅದೇ.

---

ಅಟ್ಟದಪೆಟ್ಟಿಗೆ:

17ನೇ ಸಂಚಿಕೆ ವಿಷಯದಲ್ಲಿ ಹುಷಾರು. ‘ಹಾಂಟ್ ಆಫ್ ಫಿಯರ್’ಗೆ 17 ಎರಡಿವೆ!

ಆಗ ಹೊಸ ಪತ್ರಿಕೆಗೆ ಹೊಸ ಅಂಚೆ ಪರವಾನಗಿ ಬೇಕಿತ್ತು, ದುಡ್ಡು ಕಟ್ಟಬೇಕಿತ್ತು. ಅದನ್ನ ಉಳಿಸೋಕೆ ಇಸಿ ಹಳೇ ಪತ್ರಿಕೆಯ ಹೆಸರು ಬದಲಿಸಿ ಸಂಖ್ಯೆ ಮುಂದುವರಿಸ್ತಿತ್ತು. ‘ಗನ್‌ಫೈಟರ್’ ಅನ್ನೋ ಪತ್ರಿಕೆ 14ಕ್ಕೆ ನಿಂತು ‘ಹಾಂಟ್’ 15ರಿಂದ ಶುರುವಾಯ್ತು. 15, 16, 17 ಆದ ಮೇಲೆ ಅಂಚೆ ಇಲಾಖೆ ತಕರಾರು ತೆಗೆದಿದ್ದರಿಂದ ಮುಂದಿನದು ಸೀದಾ 4. ಹಾಗಾಗಿ ‘ಹಾಂಟ್’ಗೆ ಮೂಲದಲ್ಲಿ 1, 2, 3 ಇಲ್ಲವೇ ಇಲ್ಲ, 15, 16, 17 ಎರಡೆರಡು ಸಲ ಇವೆ: ಒಂದು ಸುತ್ತು 1950ರದ್ದು, ಇನ್ನೊಂದು 1952-53ರದ್ದು. ಜವುಗಿನ ಮನೆ ಕತೆ ಇರೋದು ಎರಡನೇ 17ರಲ್ಲಿ.

1992ರಿಂದ ಬಂದ ಕಾಕ್ರನ್-ಜೆಮ್‌ಸ್ಟೋನ್ ಬಿಡಿ ಮರುಮುದ್ರಣಗಳು 1ರಿಂದ ಸಂಖ್ಯೆ ಹಾಕಿದವು. ಲೆಕ್ಕ ಸುಲಭ. ‘ಟೇಲ್ಸ್’ ಮರುಮುದ್ರಣದ ಸಂಖ್ಯೆಗೆ 16 ಕೂಡಿಸಿದರೆ ಮೂಲ ಸಂಖ್ಯೆ, ‘ವಾಲ್ಟ್’ಗೆ 11 ಕೂಡಿಸಿ. ‘ಹಾಂಟ್’ಗೆ 4ರಿಂದ ಮುಂದೆ ಎರಡೂ ಒಂದೇ. ಅಂದ್ರೆ ಕಟುಕನ ಕತೆ ಬೇಕಾದರೆ ಮರುಮುದ್ರಣ ‘ಟೇಲ್ಸ್’ 16 ಹುಡುಕಿ, ಕ್ರಿಸ್ಮಸ್ ಕತೆಗೆ ‘ವಾಲ್ಟ್’ 24. 1990ರ ಸುಮಾರಿನ ಗ್ಲ್ಯಾಡ್‌ಸ್ಟೋನ್ ದಪ್ಪ ಸಂಚಿಕೆಗಳಿಗೆ ಈ ಲೆಕ್ಕ ಹಿಡಿಯಲ್ಲ, ಅವುಗಳಲ್ಲಿ ಬೇರೆ ಬೇರೆ ಸಂಚಿಕೆ ಸೇರಿಸಿದ್ದಾರೆ.

ಮಾರೋರಿಂದ ನಾಲ್ಕು ಫೋಟೋ ಕೇಳಿ. ಮುಖಪುಟದ ಬೆಲೆ: ಮೂಲಕ್ಕೆ 10 ಸೆಂಟ್, ಡಾಲರ್ ಲೆಕ್ಕ ಕಂಡರೆ ಅಲ್ಲಿಗೇ ಮುಗೀತು. ಒಳಮುಖಪುಟ ಅಥವಾ ಮೊದಲ ಪುಟದ ಅಡಿಯ ಸಣ್ಣಕ್ಷರ: ಪ್ರಕಾಶಕರ ಹೆಸರು, ವರ್ಷ ಅಲ್ಲಿರುತ್ತೆ. ಅಡ್ಡ ಅಳತೆ, ಸ್ಕೇಲ್ ಪಕ್ಕದಲ್ಲಿಟ್ಟು: ಐವತ್ತರ ದಶಕದ್ದು ಸುಮಾರು ಏಳೂಕಾಲು ಇಂಚು ಅಗಲ, ತೊಂಬತ್ತರದ್ದು ಆರೂಮುಕ್ಕಾಲಿಗಿಂತ ಕಮ್ಮಿ. ಕೊನೇದು, ನಡುಪುಟದ ಪಿನ್ನು. ಪಿನ್ನಿಗೆ ತುಕ್ಕಿದ್ದೂ ಸುತ್ತಲ ಕಾಗದಕ್ಕೆ ಕಲೆಯೇ ಇಲ್ಲದಿದ್ದರೆ ಪಿನ್ನನ್ನೋ ಹಾಳೆಯನ್ನೋ ಆಮೇಲೆ ಬದಲಿಸಿರಬಹುದು. ಕೈಗೆ ಬಂದ ಮೇಲೆ ನೋಟು ಪರೀಕ್ಷಿಸೋ ಯುವಿ ಟಾರ್ಚ್ ಹಿಡೀರಿ. ಕಾಗದ ನೀಲಿಯಾಗಿ ಹೊಳೆದರೆ ಈಚಿನದ್ದು. ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಹಳೇದು ಅಂತಲ್ಲ, ಮರುಮುದ್ರಣವೂ ನ್ಯೂಸ್‌ಪ್ರಿಂಟ್ ಆಗಿರಬಹುದು.

ಕಾಪಾಡೋದು: ಈ ಕಾಗದ ಮರದ ತಿರುಳನ್ನ ಅರೆದು ಮಾಡಿದ್ದು, ಮರದಲ್ಲಿರೋ ಲಿಗ್ನಿನ್ ಅನ್ನೋ ಅಂಶ ಹಾಗೇ ಉಳಿದಿರುತ್ತೆ. ಬೆಳಕು, ಶಾಖ, ತೇವ ತಗುಲಿದಷ್ಟೂ ಆಮ್ಲ ಹೆಚ್ಚಿ ಹಳದಿಯಾಗಿ ಕೊನೆಗೆ ಹಪ್ಪಳದ ಹಾಗೆ ಮುರಿಯುತ್ತೆ. ಮೂಲ ಸಂಚಿಕೆಗೆ ಮೈಲಾರ್ (ಪಾಲಿಯೆಸ್ಟರ್ ಹಾಳೆ) ಚೀಲ, ಒಳಗೆ ಆಮ್ಲರಹಿತ ರಟ್ಟು. ಮರುಮುದ್ರಣಕ್ಕೆ ಪಾಲಿಪ್ರೊಪಿಲೀನ್ ಸಾಕು, ಐದಾರು ವರ್ಷಕ್ಕೆ ಬದಲಿಸಿ. ಸ್ಟೇಷನರಿ ಅಂಗಡಿಯ ಮೆತ್ತನೆ ಪಿವಿಸಿ ಫೈಲ್ ಕವರ್ ಬೇಡ, ಅದು ಬೆವರಿ ಮುಖಪುಟದ ಶಾಯಿಗೆ ಅಂಟುತ್ತೆ. ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ನುಸಿಗುಳಿಗೆಯೂ ಬೇಡ.

ಮಂಗಳೂರಿನಲ್ಲಿ ಮೊದಲು ಹಾಳಾಗೋದು ಪಿನ್ನು. ಜೂನಿಗೆ ಮುಂಚೆ ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಸಿಲಿಕಾ ಜೆಲ್ ಇಡಿ, ಜೊತೆಗೊಂದು ಅಗ್ಗದ ತೇವಮಾಪಕ. 45ರಿಂದ 50 ಶೇಕಡಾ ತೋರಿಸ್ತಿದ್ದರೆ ಸರಿ. 35ಕ್ಕಿಂತ ಕೆಳಗೆ ಹೋದರೆ ಜೆಲ್ ಕಮ್ಮಿ ಮಾಡಿ, ಒಣಗಿದ ಕಾಗದ ಮಡಿಕೆಯಲ್ಲಿ ಬಿರಿಯುತ್ತೆ. ಬಣ್ಣ ಬದಲಿಸೋ ಜೆಲ್ ತಗೊಂಡರೆ ಯಾವಾಗ ಒಣಗಿಸಬೇಕು ಅಂತ ಅದೇ ಹೇಳುತ್ತೆ. ಡಬ್ಬಿಯನ್ನ ಹೊರಗೋಡೆಗೆ ತಾಗಿಸಬೇಡಿ, ನೆಲದ ಮೇಲೂ ಇಡಬೇಡಿ, ಗೆದ್ದಲು ಬರೋದು ಅಲ್ಲಿಂದಲೇ.

ಕೊಂಡು ತಂದದ್ದರಲ್ಲಿ ಬೆಳ್ಳಿ ಬಣ್ಣದ ಹುಳು ಕಂಡರೆ ಜಿಪ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಡೀಪ್ ಫ್ರೀಜರಿನಲ್ಲಿ ಮೈನಸ್ 20ರ ಹತ್ತಿರ ಒಂದು ವಾರ ಇಡಿ. ತೆಗೆದ ಮೇಲೆ ಒಂದು ದಿನ ಪೂರ್ತಿ ಚೀಲ ಬಿಚ್ಚಬೇಡಿ. ಎಲ್ಲರೂ ಎಡವೋದು ಇಲ್ಲೇ. ತಣ್ಣಗಿರುವಾಗಲೇ ಬಿಚ್ಚಿದರೆ ಕರಾವಳಿ ಗಾಳಿಯ ನೀರೆಲ್ಲ ಮುಖಪುಟದ ಮೇಲೆ ಇಳಿಯುತ್ತೆ.

---

ರದ್ದಿಪುಟ:

ಎಲ್ಲರಿಗೂ ಥ್ಯಾಂಕ್ಸ್. ಫೋಟೋ ತರಿಸಿದೆ. ಬೆಲೆ ಡಾಲರ್ ಲೆಕ್ಕದಲ್ಲಿದೆ, ಅಗಲ ಆರೂವರೆ ಚಿಲ್ಲರೆ, ಅಡಿಯಲ್ಲಿ ಜೆಮ್‌ಸ್ಟೋನ್ ಹೆಸರು. ಹಾಗಾದರೆ ಇದರಲ್ಲಿರೋದು ಯಾವ 17?

---

ಅಟ್ಟದಪೆಟ್ಟಿಗೆ:

ಎರಡನೇದು, 1953ರದ್ದು. ಜವುಗಿನ ಮನೆ ಕತೆ ಅದರಲ್ಲೇ ಇದೆ. ಮಾರೋರು ‘ವಿಂಟೇಜ್’ ಅಂತ ಹಾಕಿದ್ದರೆ ಆ ಪದಕ್ಕೆ ದುಡ್ಡು ಕೊಡಬೇಡಿ, ಓದೋ ಪ್ರತಿಯ ಬೆಲೆ ಕೊಡಿ.

---

ಕಪ್ಪುಮಸಿ:

ತಗೊಳ್ಳಿ. ಮುರಿಕಾಯಿಮರ ಹೇಳಿದ ಹಾಗೆ ಗಟ್ಟಿಯಾಗಿ ಓದಿ, ಆದರೆ ರಟ್ಟಿನ ಪಟ್ಟಿ ಆದ ಮೇಲೆ. ಕೊನೇ ಪುಟಕ್ಕೆ ಬಂದಾಗ ಪಟ್ಟಿ ಸರಿಸೋ ಮುಂಚೆ ಯಾವ ಕೈ ಎಲ್ಲಿದೆ ಅಂತ ಎಣಿಸಿ ನೋಡಿ.